ಪೂರ್ವಕ್ಕೆ: ಓಣಿ

ಜುಲೈ 3, 2023, ಸೋಮವಾರ

ಯಾವ ಪತ್ರವನ್ನೇ ಬರೆಯಲಿ, ಮೊದಲು ಕಕ್ಷಿದಾರರ ವಿವರ ಬರಬೇಕು. ಇಲ್ಲದಿದ್ದರೆ ಪತ್ರ ನಿಲ್ಲುವುದಿಲ್ಲ. ದಿನಚರಿಗೂ ಅದೇ ನಿಯಮವಿರಬೇಕು ಎಂದುಕೊಂಡು ಶುರು ಮಾಡುತ್ತಿದ್ದೇನೆ.

ನಾನು ವೇಣುಗೋಪಾಲ್, ವಯಸ್ಸು ಐವತ್ತೆಂಟು, ಪತ್ರಬರಹಗಾರ. ದೇವನಹಳ್ಳಿಯ ನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮೂವತ್ತೊಂದು ವರ್ಷದಿಂದ ನನ್ನ ಮೇಜು ಇದೆ. ಏರ್‌ಪೋರ್ಟ್ ಬರುತ್ತದಂತೆ ಎಂಬ ಸುದ್ದಿ ಹುಟ್ಟಿದ ದಿನದಿಂದ ಈ ಕಡೆಯ ನೆಲ ಕೈ ಬದಲಾಯಿಸುತ್ತಲೇ ಇದೆ, ಅದರಲ್ಲಿ ಎಷ್ಟೋ ನೆಲ ನನ್ನ ಕೈಬರಹದಲ್ಲೇ ಕೈ ಬದಲಾಯಿಸಿದೆ. ನನ್ನ ಪತ್ರದಲ್ಲಿ ತಪ್ಪು ಹುಡುಕಿದ ವಕೀಲ ಇನ್ನೂ ಹುಟ್ಟಿಲ್ಲ. ಈಗ ಎಲ್ಲ ಆನ್‌ಲೈನ್ ಆಗಿ ಜನ ಕಡಿಮೆ. ಆದರೂ ಮೇಜಿಗೆ ಹೋಗದಿದ್ದರೆ ಅಷ್ಟು ಸಂಪಾದನೆಯೂ ಇಲ್ಲ.

ಎರಡನೆಯವಳು ನನ್ನ ಹೆಂಡತಿ ವರಲಕ್ಷ್ಮಿ. ಹೋದ ತಿಂಗಳು ಹನ್ನೆರಡನೇ ತಾರೀಖು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿದೆ. ಮೂರು ತಿಂಗಳು ಒಬ್ಬಳನ್ನೇ ಬಿಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಮೂರನೆಯವಳು ಮಗಳು ಸಿಂಚನ. ಏರ್‌ಪೋರ್ಟಿನಲ್ಲಿ ಜನರ ಪೆಟ್ಟಿಗೆ ತೂಗುವ ಕೌಂಟರಿನಲ್ಲಿ ಕೆಲಸ, ಶಿಫ್ಟು ಯಾವಾಗ ಬದಲಾಗುತ್ತದೋ ಹೇಳಲಾಗದು.

ಹೀಗಾಗಿ ಮನೆಯಲ್ಲಿ ಇರಬೇಕಾದವನು ನಾನು. ನಾನು ಮೇಜಿಗೆ ಹೋದರೆ ವರಲಕ್ಷ್ಮಿಯ ತಮ್ಮ ಬಂದು ಅವಳನ್ನು ತವರೂರು ಅನುಗೊಂಡನಹಳ್ಳಿಗೆ ಕರೆದುಕೊಂಡು ಹೋಗುತ್ತಾನೆ. 29ನೇ ತಾರೀಖು, ಶನಿವಾರ, ಕಾರು ತರುತ್ತೇನೆ ಎಂದಿದ್ದಾನೆ. ವರಲಕ್ಷ್ಮಿ ಹೋಗ್ತೀನಿ ಎಂದಿಲ್ಲ, ಹೋಗಲ್ಲ ಎಂದೂ ಇಲ್ಲ, ಗೋಡೆ ಕಡೆ ತಿರುಗಿ ಮಲಗಿದಳು. ಅವಳಿಲ್ಲದ ಮನೆಯಲ್ಲಿ ನಾನು ಇರಲಾರೆ. ಅದನ್ನು ಅವಳಿಗೆ ಹೇಳಿಲ್ಲ.

ಸಿಂಚನ ಒಂದು ದಾರಿ ಹುಡುಕಿದ್ದಾಳೆ. ಬೆಂಗಳೂರಿನ ಒಂದು ಕಂಪನಿಗೆ ಹಳೇ ಕೈಬರಹದ ಪತ್ರಗಳನ್ನು ಓದಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕೊಡುವವರು ಬೇಕಂತೆ. ಮನೆಯಲ್ಲೇ ಕೂತು ಮಾಡಬಹುದು. ಎರಡು ಸಲ ಪರೀಕ್ಷೆ, ಪಾಸಾದರೆ ಕೆಲಸ. ಹಳೇ ಕೈಬರಹ ಓದುವುದರಲ್ಲಿ ನನಗೆ ಯಾರೂ ಸಾಟಿಯಿಲ್ಲ. ಟೈಪ್ ಮಾಡಲು ಬರುವುದಿಲ್ಲ ಅಷ್ಟೆ. ಲ್ಯಾಪ್‌ಟಾಪ್ ಇಲ್ಲ. ಇಂಟರ್‌ನೆಟ್ಟೂ ಇಲ್ಲ.

ಕಕ್ಷಿದಾರರಲ್ಲಿ ಒಬ್ಬರು ಬಾಕಿ. ನಮ್ಮ ಮನೆಯ ಪೂರ್ವಕ್ಕೆ ಇರುವವರು. ಅವರು ನನ್ನ ಒಡಹುಟ್ಟಿದವರು, ಹೆಸರು ಅಪ್ಪಯ್ಯಣ್ಣ. ಹನ್ನೊಂದು ವರ್ಷದಿಂದ ಮಾತಿಲ್ಲ. ಹೆಸರಿನಲ್ಲೇ ಅಣ್ಣ ಇರುವುದರಿಂದ ಹೆಸರು ಹಿಡಿದು ಬೈದರೂ ಅಣ್ಣ ಎಂದಂತಾಗುತ್ತದೆ. ಆದ್ದರಿಂದ ಇನ್ನು ಮುಂದೆ ಅವರನ್ನು ‘ಪೂರ್ವದವರು’ ಎಂದು ಕರೆಯಲಾಗುವುದು.

ಜುಲೈ 5, ಬುಧವಾರ

ಸಿಂಚನ ಲ್ಯಾಪ್‌ಟಾಪ್ ತಂದಳು. ಹೊಸದಲ್ಲ. ಯಾವುದೋ ಕಂಪನಿ ಬಳಸಿ ಬಿಟ್ಟದ್ದನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒರೆಸಿ ಮಾರುತ್ತಾರಂತೆ.

“ಹಿಂದಿನ ಮಾಲೀಕರು ಯಾರು?” ಎಂದೆ.

“ಗೊತ್ತಿಲ್ಲಪ್ಪ.”

“ಮೂಲಪತ್ರ ನೋಡದೆ ತಗೊಂಡ್ಯಾ?”

“ಅಪ್ಪಾ, ಇದು ಸೈಟಲ್ಲ.”

ಮುಚ್ಚಳದ ಮೇಲೆ ಒಂದು ಚೀಟಿ ಅಂಟಿದೆ. ಇಂಗ್ಲಿಷಿನಲ್ಲಿ ‘ಆಸ್ತಿ ಸಂಖ್ಯೆ 0417’ ಎಂದು ಬರೆದಿದೆ. ಅದನ್ನು ಕೀಳಲು ಹೋದಳು, ನಾನು ಬಿಡಲಿಲ್ಲ. ಮಾಲೀಕರು ಯಾರೋ ಗೊತ್ತಿಲ್ಲದ ಸ್ವತ್ತಿಗೆ ಒಂದು ನಂಬರಾದರೂ ಇರಲಿ. ಸದರಿ ಲ್ಯಾಪ್‌ಟಾಪಿನ ಬ್ಯಾಟರಿ ನಲವತ್ತು ನಿಮಿಷ ನಿಲ್ಲುತ್ತದೆ.

ಜುಲೈ 6, ಗುರುವಾರ

ಕನ್ನಡ ಕೂರಿಸಿ ಕೊಟ್ಟಳು. ಎರಡು ಬೆರಳು ಸಾಕು, ಉಳಿದ ಎಂಟು ನೋಡುತ್ತಾ ಕೂತಿರುತ್ತವೆ.

ಒಂದು ತೊಂದರೆ. ಒತ್ತಕ್ಷರ ಬೇಕಾದಾಗ ಇಂಗ್ಲಿಷಿನ ಎಫ್ ಕೀ ಒತ್ತಬೇಕು. ಆ ಕೀ ಹಿಂದಿನ ಕಂಪನಿಯಲ್ಲೇ ಸೋತು ಬಂದಿದೆ. ಉಗುರು ಊರಿ ಬಲವಾಗಿ ಒತ್ತಿದರೆ ಬರುತ್ತದೆ, ಇಲ್ಲದಿದ್ದರೆ ಒತ್ತಿಲ್ಲ. ನಾನು ‘ಹಕ್ಕುಪತ್ರ’ ಎಂದು ಹೊಡೆದೆ, ‘ಹಕಕುಪತರ’ ಎಂದು ಬಂತು. ‘ಚಕ್ಕುಬಂದಿ’ ಹೊಡೆದೆ, ‘ಚಕಕುಬಂದಿ’ ಬಂತು. ಸಿಂಚನ “ಇರಪ್ಪ, ಒತ್ತು ಜಾಸ್ತಿ ಇರೋ ಒಂದು ಪದ ಹೊಡೆದು ನೋಡೋಣ” ಎಂದು ತನ್ನ ದೊಡ್ಡಪ್ಪನ ಹೆಸರನ್ನೇ ಹೊಡೆದಳು. ‘ಅಪಪಯಯಣಣ’ ಎಂದು ಬಂತು. ಮಲಗಿದ್ದಲ್ಲಿಂದಲೇ ವರಲಕ್ಷ್ಮಿ ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಇದೇ ಮೊದಲು. ಬೇರೆ ಪದ ಹುಡುಕು ಎಂದು ಸಿಂಚನಳಿಗೆ ಹೇಳಿದೆ.

ಇನ್ನೊಂದು ವಿಷಯ. ‘ಪೂರ್ವ’ ಎಂದು ಕೈಯಲ್ಲಿ ಬರೆಯುವಾಗ ಅರ್ಕಾವತ್ತನ್ನು ಕೊನೆಯಲ್ಲಿ ಹಾಕುತ್ತೇವೆ. ಕಂಪ್ಯೂಟರ್ ಅದನ್ನು ಮೊದಲೇ ಕೇಳುತ್ತದೆ. ಐವತ್ತು ವರ್ಷದಿಂದ ಬರೆದ ಕೈಗೆ ಯಾರೋ ಅಡ್ಡ ಬಂದು ನಿಂತ ಹಾಗಾಗುತ್ತದೆ.

ಜುಲೈ 8, ಶನಿವಾರ

ಅರ್ಜಿ ಕಳಿಸಿದೆವು. ವಿಳಾಸ ಬರೆದ ಮೇಲೆ ಹತ್ತಿರದ ಗುರುತು ಬರೆಯಿರಿ ಎಂದಿತ್ತು. ನಾನು ಪೂರ್ತಿ ಚಕ್ಕುಬಂದಿ ಕೊಟ್ಟೆ:

ಪೂರ್ವಕ್ಕೆ: ಅನ್ಯರ ಸ್ವತ್ತು. ಪಶ್ಚಿಮಕ್ಕೆ: ಚಿಕ್ಕಬೀರಪ್ಪನವರ ಕಣ. ಉತ್ತರಕ್ಕೆ: ಊರ ರಸ್ತೆ. ದಕ್ಷಿಣಕ್ಕೆ: ನಮ್ಮದೇ ಹಿತ್ತಲು.

ಕಂಪನಿಯಿಂದ ಹರ್ಷಿತ ಎಂಬ ಹುಡುಗಿ ಫೋನ್ ಮಾಡಿದಳು. “ಸರ್, ಪಕ್ಕದಲ್ಲಿ ಏನಿದೆ ಅಂತ ಒಂದು ಬರೆದ್ರೆ ಸಾಕು.” ನಾಲ್ಕೂ ದಿಕ್ಕು ಇಲ್ಲದೆ ಜಾಗ ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದಮ್ಮ ಎಂದೆ. ಆಯ್ತು ಸರ್ ಎಂದಳು. ಒಳ್ಳೆಯ ಹುಡುಗಿ.

ಇಂಟರ್‌ನೆಟ್ಟಿಗೆ ಸಿಂಚನ ಒಂದು ಡಾಂಗಲ್ ತಂದಿದ್ದಾಳೆ. ಬೆರಳುದ್ದದ ಸಾಮಾನು, ಲ್ಯಾಪ್‌ಟಾಪಿನ ಪಕ್ಕೆಗೆ ಚುಚ್ಚಬೇಕು. ಪಡಸಾಲೆಯಲ್ಲಿ ಸಿಗ್ನಲ್ ಇಲ್ಲ, ಅಡುಗೆಮನೆಯಲ್ಲಿ ಇಲ್ಲ, ದೇವರ ಗೂಡಿನ ಮುಂದೆಯೂ ಇಲ್ಲ. ಮನೆಯೆಲ್ಲ ಸುತ್ತಿ ಕೊನೆಗೆ ಸಿಕ್ಕಿತು. ಎಲ್ಲಿ ಎಂದರೆ ಪೂರ್ವದ ಕಾಂಪೌಂಡ್ ಗೋಡೆಯ ಮೇಲೆ.

ಗೋಡೆಯ ಬಗ್ಗೆ ಬರೆಯಬೇಕು. ಎರಡು ಮನೆಗಳ ನಡುವೆ ಮೂರು ಅಡಿ ಓಣಿ ಇತ್ತು. ಅಪ್ಪ ಬದುಕಿದ್ದಾಗಲೇ ಮನೆ ಜಾಗ ಇಬ್ಬರಿಗೂ ಪಾಲಾಯಿತು. ವಿಭಾಗಪತ್ರ ಬರೆದವನು ನಾನೇ. ಓಣಿ ನನ್ನ ಪಾಲಿಗೆ. ಅಪ್ಪ ಹೋದ ಎರಡು ವರ್ಷಕ್ಕೆ ಪೂರ್ವದವರು ಓಣಿಯನ್ನು ಒಳಗೆ ಹಾಕಿಕೊಂಡು ನಮ್ಮ ಮನೆಯ ಗೋಡೆಗೆ ಅಂಟಿದ ಹಾಗೆ, ಹಿತ್ತಲ ಕೊನೆಯವರೆಗೂ ಎದೆಯೆತ್ತರದ ಕಾಂಪೌಂಡ್ ಎಬ್ಬಿಸಿದರು. ಒತ್ತುವರಿ ಎಂದು ನಾನು ಅಂದೆ. ‘ನೀನೇ ಓದಿ ಹೇಳಿದ್ದಲ್ವೇನೋ, ಓಣಿ ನಂದು ಅಂತ’ ಎಂದು ಅವರು ಅಂದರು. ಓದು ಬಾರದವರು ಕೇಳಿಸಿಕೊಂಡದ್ದನ್ನು ತಿರುಗುಮುರುಗಾಗಿ ನೆನಪಿಟ್ಟುಕೊಂಡರೆ ನಾನೇನು ಮಾಡಲಿ? ‘ಪತ್ರ ತೆಗೆದು ನೋಡು’ ಎಂದು ನಾಲ್ಕು ಜನ ಹೇಳಿದರು. ನಾನು ಬರೆದದ್ದನ್ನು ನಾನೇ ತೆಗೆದು ನೋಡಬೇಕೆ? ನನಗೆ ಬಾಯಿಪಾಠ. ನೋಡಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಈಗ ನಾನು ಹಿತ್ತಲಲ್ಲಿ ಸ್ಟೂಲ್ ಹಾಕಿಕೊಂಡು, ಒಳಗಿನಿಂದ ಕರೆಂಟಿನ ವೈರು ಎಳೆದು, ಸದರಿ ಗೋಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರಬೇಕು. ಗೋಡೆಯಾಚೆ ಪೂರ್ವದವರು ಸೀಮೆಹಸು ಕಟ್ಟಿದ್ದಾರೆ. ಆಷಾಢದ ಗಾಳಿಗೆ ಅದರ ಹುಲ್ಲೆಲ್ಲ ಹಾರಿ ನನ್ನ ಕೀಗಳ ಮೇಲೆ ಬೀಳುತ್ತದೆ. ಹಸುವೂ ಆಗಾಗ ತಲೆಯೆತ್ತಿ ನಾನು ಏನು ಬರೆಯುತ್ತಿದ್ದೇನೆ ಎಂದು ನೋಡುತ್ತದೆ. ಪೂರ್ವದವರು ನೋಡುವುದಿಲ್ಲ.

ಜುಲೈ 10, ಸೋಮವಾರ

ಮೊದಲ ಪರೀಕ್ಷೆಯ ಪುಟಗಳು ಬಂದವು. ಮೂವತ್ತು ಪುಟ, ಶನಿವಾರದೊಳಗೆ ಕಳಿಸಬೇಕು. ಗೋಡೆಯ ಮೇಲೆ ಇಳಿಸಿಕೊಳ್ಳಲು ಬೆಳಿಗ್ಗೆ ಪೂರ್ತಿ ಹೋಯಿತು. ನಡುವೆ ಎರಡು ಸಲ ವರಲಕ್ಷ್ಮಿ ಕರೆದಳು, ಎರಡು ಸಲವೂ ಓಡಿ ಬರುವಷ್ಟರಲ್ಲಿ ಡಾಂಗಲ್ ಮುನಿಸಿಕೊಂಡಿತ್ತು.

ಇದು ನಡೆಯುವುದಿಲ್ಲ ಎಂದು ಪಿಳ್ಳಣ್ಣನನ್ನು ಕರೆಸಿದೆ. ಮೊದಲು ಟಿವಿಗೆ ಕೇಬಲ್ ಎಳೆಯುತ್ತಿದ್ದ, ಈಗ ಇಂಟರ್‌ನೆಟ್ಟಿಗೂ ಎಳೆಯುತ್ತಾನೆ. ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದ.

“ಕಂಬ ಆ ಕಡೆ ಐತೆ ಸ್ವಾಮಿ. ವೈರು ನಿಮ್ಮಣ್ಣನ ಮಾಳಿಗೆ ಮೇಲೆ ಹಾದು ಬರ್ಬೇಕು. ಒಂದು ಮಾತು ಕೇಳ್ಬಿಡಿ, ಅರ್ಧ ಗಂಟೆ ಕೆಲ್ಸ.”

“ಬೇರೆ ದಾರಿ ಇಲ್ವಾ?”

“ಐತೆ. ಊರು ಸುತ್ತಾಕ್ಕೊಂಡು ಬರ್ಬೇಕು. ಆರು ಜನದ ಮನೆ ಮೇಲೆ ಹೋಗ್ತದೆ. ಆರು ಜನಾನೂ ಕೇಳೋ ಬದ್ಲು ಒಬ್ರನ್ನ ಕೇಳೋದು ವಾಸಿ ಅಲ್ವಾ?”

ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಕೂತು ಒಂದು ಒಪ್ಪಿಗೆ ಪತ್ರದ ಕರಡು ಬರೆದೆ. ಸದರಿ ತಂತಿಯ ದಪ್ಪ, ಎತ್ತರ, ಅದರ ಮೇಲೆ ಬಟ್ಟೆ ಒಣಹಾಕುವ ಹಕ್ಕು ಯಾರಿಗೂ ಇಲ್ಲದಿರುವುದು, ಕಾಗೆ ಕೂತು ತಂತಿ ಹರಿದರೆ ಹೊಣೆ, ಎಲ್ಲ ಸೇರಿ ಹದಿನಾಲ್ಕು ಷರತ್ತು. ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಒಪ್ಪಿರುತ್ತೇನೆ ಎಂದು ಮುಗಿಸಿ, ಹೆಬ್ಬೆಟ್ಟಿಗೆ ಜಾಗ ಬಿಟ್ಟು, ಪಿಳ್ಳಣ್ಣನ ಕೈಯಲ್ಲಿ ಆಚೆ ಮನೆಗೆ ಕಳಿಸಿದೆ.

ಕಾಲು ಗಂಟೆಗೆ ವಾಪಸ್ ತಂದ. “ಓದಕ್ಕೆ ಬರಲ್ಲ, ಅವ್ನಿಗೇ ಗೊತ್ತಲ್ಲ ಅಂದ್ರು. ಬರೆದೋನೇ ಬಂದು ಓದ್ಲಿ, ಕೇಳಿ ಹೆಬ್ಬೆಟ್ಟು ಒತ್ತುತೀನಿ ಅಂದ್ರು.”

ಜುಲೈ 11, ಮಂಗಳವಾರ

ಹೋಗಿ ಓದುವುದಿಲ್ಲ.

ಜುಲೈ 13, ಗುರುವಾರ

ಇವತ್ತು ಒಂದು ವಿಷಯ ಹೊರಬಿತ್ತು.

ಸಿಂಚನ ರಜೆ. ಲ್ಯಾಪ್‌ಟಾಪನ್ನು ವರಲಕ್ಷ್ಮಿಯ ಮಂಚದ ಹತ್ತಿರ ಇಟ್ಟುಕೊಂಡು ಏನೋ ತೆರೆದಳು. ಸುತ್ತಮುತ್ತ ಇರುವ ವೈಫೈಗಳ ಪಟ್ಟಿ ಬಂತು. ಪಟ್ಟಿಯಲ್ಲಿ ಒಂದೇ ಹೆಸರು: ‘ಕದಿರಮ್ಮ’. ಕದಿರಮ್ಮ ಎಂದರೆ ಪೂರ್ವದವರ ಹೆಂಡತಿ, ನನ್ನ ಅತ್ತಿಗೆ. ಅವರ ಮಗ ಶ್ರೀಧರ್ ಹೋದ ವರ್ಷ ವೈಫೈ ಹಾಕಿಸಿ ತಾಯಿಯ ಹೆಸರು ಇಟ್ಟಿದ್ದಾನಂತೆ. ಅದು ಗೋಡೆ ದಾಟಿ ನಮ್ಮ ಮಂಚದವರೆಗೆ ಬಂದಿದೆ. ಗಡಿಯೊಳಗೆ ಅನ್ಯರ ವೈಫೈ ಬಂದರೆ ಅದು ಒತ್ತುವರಿಯೇ ಎಂದು ಯೋಚಿಸುತ್ತಿದ್ದೆ.

“ಬೀಗ ಹಾಕೈತೆ. ಪಾಸ್‌ವರ್ಡ್ ಬೇಕು” ಎಂದಳು ಸಿಂಚನ.

ಮಂಚದ ಮೇಲಿಂದ ವರಲಕ್ಷ್ಮಿ ಹೇಳಿದಳು. ಅಕ್ಷರ ಅಕ್ಷರವಾಗಿ ಹೇಳಿದಳು, ನಡುವೆ ಬರುವ ಅಂಕಿಗಳನ್ನೂ.

ನಾನು ಮಂಚದ ಕಡೆ ತಿರುಗಿದೆ.

“ಏನ್ರೀ ಹಂಗೆ ನೋಡ್ತೀರ? ಅಕ್ಕ ಕೊಟ್ಟವ್ಳೆ. ಇಲ್ಲಾಂದ್ರೆ ಮಲಗಿದ್ದಲ್ಲೇ ದಿನಾ ಎರಡು ಸೀರಿಯಲ್ ಹೆಂಗೆ ನೋಡ್ತಿದ್ದೆ ಅಂದ್ಕೊಂಡ್ರಿ?”

ಅವಳು ಸೀರಿಯಲ್ ನೋಡುವ ನನ್ನ ಮೊಬೈಲಿನ ಡೇಟಾ ಯಾಕೆ ಖರ್ಚಾಗುತ್ತಿಲ್ಲ ಎಂದು ನಾನು ಕೆಲವು ದಿನದಿಂದ ಸಂತೋಷಪಡುತ್ತಿದ್ದೆ. ಹನ್ನೊಂದು ವರ್ಷವೂ ಇಬ್ಬರೂ ಹೆಂಗಸರು ಗೋಡೆಯ ಮೇಲೆ ಮಾತಾಡಿಕೊಂಡೇ ಇದ್ದರಂತೆ, ನಾನು ಮೇಜಿಗೆ ಹೋದ ಮೇಲೆ. ಬಿದ್ದ ದಿನ ಕೂಗು ಕೇಳಿ ಮೊದಲು ಓಡಿ ಬಂದವಳೂ ಕದಿರಮ್ಮನಂತೆ. ಆಟೋ ತರಿಸಿದ್ದು ಯಾರು ಎಂದು ನಾನು ಅವತ್ತು ಕೇಳಲೇ ಇಲ್ಲ.

ಆ ವೈಫೈಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಕೂಡದು ಎಂದೆ. ಓಣಿ ತೆಗೆದುಕೊಂಡವರ ಮುಂದೆ ಕೈಯೊಡ್ಡುವುದಿಲ್ಲ. ಸಿಂಚನ ಹಣೆ ಚಚ್ಚಿಕೊಂಡಳು. ಮತ್ತೆ ಸ್ಟೂಲ್ ತೆಗೆದುಕೊಂಡು ಗೋಡೆಗೆ ಹೋದೆ.

ಜುಲೈ 15, ಶನಿವಾರ

ಮೂವತ್ತು ಪುಟ ಕಳಿಸಿದೆ. ಸಂಜೆಗೆ ಹರ್ಷಿತ ಫೋನ್ ಮಾಡಿದಳು. ಅರವತ್ತೊಂದು ತಪ್ಪು. ಮಿತಿ ಇಪ್ಪತ್ತು.

“ಸರ್, ಓದಿರೋದ್ರಲ್ಲಿ ಒಂದೂ ತಪ್ಪಿಲ್ಲ. ನಮ್ಮಲ್ಲಿ ಯಾರಿಗೂ ಬಿಡಿಸೋಕಾಗದ ಕೈಬರಹ ನೀವು ಬಿಡಿಸಿದೀರ. ಆದ್ರೆ ಒತ್ತಕ್ಷರ ಎಲ್ಲಾ ಹೋಗಿದೆ ಸರ್.”

ಇನ್ನೊಂದು ಅವಕಾಶ ಇದೆ. ಮುಂದಿನ ಶನಿವಾರ, 22ನೇ ತಾರೀಖು, ಸಂಜೆ ಐದು ಗಂಟೆಯೊಳಗೆ. ಅದು ಹೋದರೆ ಹೋಯಿತು. ಅಲ್ಲಿಯವರೆಗೆ ನನಗೆ ಕಣ್ಣುಮುಚ್ಚಿ ಓದಲು ಬರುವ ಯಾವುದಾದರೂ ಕೈಬರಹ ಇಟ್ಟುಕೊಂಡು ದಿನಾ ಟೈಪ್ ಮಾಡಿ ಅಭ್ಯಾಸ ಮಾಡಿ ಎಂದಳು.

ವರಲಕ್ಷ್ಮಿಗೆ ಅರವತ್ತೊಂದು ಎಂದು ಹೇಳಲಿಲ್ಲ. ಪರವಾಗಿಲ್ಲವಂತೆ ಎಂದೆ. ಅವಳು ಊರಿಗೆ ಒಯ್ಯುವ ಸೀರೆಗಳು ಯಾವುವು ಎಂದು ಸಿಂಚನಳಿಗೆ ಹೇಳುತ್ತಿದ್ದಳು. ನಾಲ್ಕು ಸೀರೆ ಹೇಳಿ, ಐದನೆಯದು ಬೇಡ ಎಂದಳು.

ಜುಲೈ 17, ಸೋಮವಾರ

ಕಣ್ಣುಮುಚ್ಚಿ ಓದಲು ಬರುವ ಕೈಬರಹ ಎಂದರೆ ನನ್ನದೇ. ಮೇಜಿನ ಕಡತಗಳೆಲ್ಲ ದೇವನಹಳ್ಳಿಯಲ್ಲಿವೆ. ಮನೆಯಲ್ಲಿ ಇರುವ ನನ್ನ ಬರಹದ ಪತ್ರ ಒಂದೇ, ಟ್ರಂಕಿನಲ್ಲಿರುವ ನಮ್ಮ ವಿಭಾಗಪತ್ರ. 2004ರದು. ನೀಲಿ ಶಾಯಿ ಇನ್ನೂ ಮಾಸಿಲ್ಲ, ಅಕ್ಷರ ಮುತ್ತಿನ ಹಾಗಿದೆ. ನಾನೇ ಹೇಳಬಾರದು.

ಅಭ್ಯಾಸಕ್ಕೆ ಇಂಟರ್‌ನೆಟ್ ಬೇಕಿಲ್ಲ. ವರಲಕ್ಷ್ಮಿಯ ಮಂಚದ ಪಕ್ಕ ಕೂತು ಮೊದಲ ಪುಟ ಟೈಪ್ ಮಾಡಿದೆ. ಹದಿನೇಳು ಒತ್ತು ತಪ್ಪು. ಮತ್ತೆ ಮಾಡಿದೆ, ಒಂಬತ್ತು.

ನಾಳೆ ಎರಡನೇ ಪುಟ. ಚಕ್ಕುಬಂದಿ ಅಲ್ಲಿದೆ.

ಜುಲೈ 18, ಮಂಗಳವಾರ

ಬೆಳಿಗ್ಗೆ ನನ್ನ ಪಾಲಿನ ಚಕ್ಕುಬಂದಿ ಟೈಪ್ ಮಾಡಿದೆ. ‘ಪೂರವಕಕೆ: ಓಣಿ’ ಎಂದು ಬಂತು. ಒತ್ತು ಬಂದಿರಲಿಲ್ಲ. ಅಳಿಸಿದೆ. ಉಗುರು ಊರಿ ಮತ್ತೆ ಹೊಡೆದೆ. ‘ಪೂರ್ವಕಕೆ: ಓಣಿ’. ಅಳಿಸಿದೆ. ಮೂರನೇ ಸಲಕ್ಕೆ ಸರಿಯಾಗಿ ಬಂತು.

ಪೂರ್ವಕ್ಕೆ: ಓಣಿ.

ಕೈಯಲ್ಲಿ ಬರೆಯುವಾಗ ಇಷ್ಟು ಹೊತ್ತು ಒಂದು ಸಾಲಿನ ಮುಂದೆ ಯಾರೂ ನಿಲ್ಲುವುದಿಲ್ಲ. ಮೂರು ಸಲ ಹೊಡೆದ ಮೇಲೆ ಅದನ್ನು ಓದಿದೆ.

ನನ್ನ ಜಾಗದ ಪೂರ್ವದ ಎಲ್ಲೆ ಓಣಿ. ಎಲ್ಲೆ ಎಂದರೆ ನನ್ನದು ಅಲ್ಲಿಗೆ ಮುಗಿಯಿತು, ಓಣಿ ಆಚೆಗೆ. ಇದನ್ನು ಮೊದಲ ದಿನ ಮೇಜಿಗೆ ಬಂದ ಗುಮಾಸ್ತನಿಗೂ ಹೇಳಿಕೊಡುತ್ತೇನೆ. ಪುಟ ತಿರುಗಿಸಿ ಇನ್ನೊಂದು ಪಾಲು ನೋಡಿದೆ. ಅಲ್ಲಿ ಪಶ್ಚಿಮದ ಎಲ್ಲೆ ಹೀಗಿದೆ: ‘ಪಶ್ಚಿಮಕ್ಕೆ: ವೇಣುಗೋಪಾಲನ ಮನೆಯ ಗೋಡೆ’. ಅವರ ಜಾಗ ನನ್ನ ಗೋಡೆಯವರೆಗೂ ಬರುತ್ತದೆ. ಓಣಿ ಅದರೊಳಗೆ.

ನನ್ನದೇ ಅಕ್ಷರ. ಕೆಳಗೆ ನನ್ನದೇ ರುಜು. ಪಕ್ಕದಲ್ಲಿ ಹೆಬ್ಬೆಟ್ಟು.

ಆಮೇಲೆ ನೆನಪಾಯಿತು. ಹಸು ಹಿಡಿದು ಹಿತ್ತಲಿಗೆ ಹೋಗಲು ದೊಡ್ಡವನಿಗೆ ದಾರಿ ಬೇಕು ಎಂದು ಅಪ್ಪ ಹೇಳಿದ್ದರು. ಹೌದು ಎಂದು ನಾನೇ ಬರೆದಿದ್ದೆ.

ಮತ್ತೆ ಟೈಪ್ ಮಾಡಲಿಲ್ಲ.

ಜುಲೈ 19, ಬುಧವಾರ

ನಾಚಿಕೆಯಾಗುತ್ತಿದೆ. ಬೇರೆ ಪದ ಸಿಗಲಿಲ್ಲ.

ಕೊನೆಯ ಪರೀಕ್ಷೆಯ ಪುಟಗಳು ಬಂದಿವೆ, ಐವತ್ತು. ಗೋಡೆಯ ಮೇಲೆ ಇಳಿಸಿಕೊಳ್ಳಲು ಹೋದೆ. ಅಪ್ಪಯ್ಯಣ್ಣ ಆಚೆ ಹಸುವಿಗೆ ನೀರು ಇಡುತ್ತಿದ್ದರು. ಲ್ಯಾಪ್‌ಟಾಪ್ ಇಟ್ಟಿದ್ದು ಅವರ ಗೋಡೆಯ ಮೇಲೆ. ಇಷ್ಟು ದಿನ ಯಾರನ್ನೂ ಕೇಳದೆ ಇಟ್ಟಿದ್ದೇನೆ. ಅವರೂ ಏನೂ ಅಂದಿಲ್ಲ. ಇವತ್ತು ನೋಡಿದರೆ ನಾನು ಇಡುವ ಜಾಗದಲ್ಲಿ ಗೋಡೆಯನ್ನು ಯಾರೋ ಗುಡಿಸಿದ್ದರು.

ಜುಲೈ 21, ಶುಕ್ರವಾರ

ನಲವತ್ತೆರಡು ಪುಟ ಮುಗಿಯಿತು. ಬಲಗೈ ತೋರುಬೆರಳಿನ ಉಗುರು ಒಡೆದಿದೆ. ಈಗ ಎಡಗೈಯದು.

ವರಲಕ್ಷ್ಮಿ ಕೇಳಿದಳು, “ಏನಾಯ್ತ್ರೀ, ಮೂರು ದಿನದಿಂದ ಬಾಯೇ ಬಿಡ್ತಿಲ್ಲ?”

ಹೇಳಿದೆ. ಪತ್ರವನ್ನೂ ಓದಿ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

“ನಂಗೆ ಅಕ್ಕ ಅವತ್ತೇ ಹೇಳಿದ್ಲು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೇಳ್ತಿದ್ರಾ?”

ಜುಲೈ 22, ಶನಿವಾರ

ಮೂರು ಗಂಟೆಗೆ ಐವತ್ತು ಪುಟವೂ ಮುಗಿದವು. ಎರಡು ಸಲ ತಿದ್ದಿದೆ. ಗೋಡೆಗೆ ಹೋದೆ. ಡಾಂಗಲಿನ ದೀಪ ಕೆಂಪಗೆ ಉರಿಯಿತು, ಹಸಿರಾಗಲೇ ಇಲ್ಲ. ಕಿತ್ತು ಚುಚ್ಚಿದೆ, ಊದಿದೆ, ಸ್ಟೂಲಿನ ಮೇಲೆ ನಿಂತು ಎತ್ತಿ ಹಿಡಿದೆ. ನೆತ್ತಿಯ ಮೇಲೆ ಒಂದರ ಹಿಂದೊಂದು ನಾಲ್ಕು ವಿಮಾನ ಹೋದವು. ನಾಲ್ಕು ಗಂಟೆಯಾಯಿತು.

ಒಳಗಿನಿಂದ ವರಲಕ್ಷ್ಮಿ ಕೂಗಿದಳು, “ಪಾಸ್‌ವರ್ಡ್ ನಂಗೆ ಗೊತ್ತೈತಲ್ರೀ! ಇಲ್ಲೇ ಬನ್ನಿ, ಹಾಕಿ!”

ಹಾಕಬಹುದಿತ್ತು. ಓಣಿ ನನ್ನದು ಎಂದುಕೊಂಡಿದ್ದಾಗ ಬೇಡ ಎಂದವನು, ಅವರದು ಎಂದು ಗೊತ್ತಾದ ಮೇಲೆ ಕದ್ದು ಹಾಕಿಕೊಳ್ಳುವುದು ಹೇಗೆ? ಕರೆಂಟಿನ ವೈರು ಕಿತ್ತು, ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ವಿಭಾಗಪತ್ರ ಹಿಡಿದು ರಸ್ತೆಗೆ ಇಳಿದೆ. ನಮ್ಮ ಬಾಗಿಲಿಂದ ಅವರ ಬಾಗಿಲಿಗೆ ಮೂವತ್ತೆಂಟು ಹೆಜ್ಜೆ.

ಅಪ್ಪಯ್ಯಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದೆ. ಹತ್ತಿರದಿಂದ ನೋಡಿದಾಗ ಅಪ್ಪನ ಹಾಗೇ ಕಂಡರು. ಗೋಡೆಯ ಮೇಲಿಂದ ಅಷ್ಟು ಕಾಣುತ್ತಿರಲಿಲ್ಲ. ನನ್ನನ್ನು ನೋಡಿ ಹಗ್ಗ ಪಕ್ಕಕ್ಕಿಟ್ಟರು.

“ಓದಕ್ಕೆ ಬಂದೆ” ಎಂದೆ.

“ಆ ತಂತಿ ಪತ್ರಾನಾ?”

“ಅಲ್ಲ. ಇದು ಬೇರೆ.”

“ಕೂತ್ಕೊಂಡು ಓದು.”

ಕೂತೆ. ನಾಲ್ಕೂ ಇಪ್ಪತ್ತು. ಬ್ಯಾಟರಿ ನಲವತ್ತು ನಿಮಿಷದ್ದು. ಆದರೂ ಮೊದಲ ಸಾಲಿಂದ ಓದಿದೆ, ಏಕೆಂದರೆ ಪತ್ರವನ್ನು ನಡುವಿನಿಂದ ಓದುವ ಪದ್ಧತಿ ಇಲ್ಲ. ಅಪ್ಪನ ಹೆಸರು ಬಂದಾಗ ಕೆಮ್ಮಿ ಮುಂದುವರಿಸಿದೆ. ಅವರ ಪಾಲಿನ ಚಕ್ಕುಬಂದಿಗೆ ಬಂದೆ. ಪಶ್ಚಿಮಕ್ಕೆ: ವೇಣುಗೋಪಾಲನ ಮನೆಯ ಗೋಡೆ. ಅಲ್ಲಿಗೆ ನಿಲ್ಲಿಸಿದೆ. ಮೂವತ್ತೊಂದು ವರ್ಷದಲ್ಲಿ ಕ್ಷಮೆ ಕೇಳುವ ಪತ್ರ ಒಂದನ್ನೂ ನಾನು ಬರೆದಿಲ್ಲ.

“ಓಣಿ ನಿಂದೇ ಅಣ್ಣ” ಎಂದೆ.

“ಗೊತ್ತು. ನೀನು ಅವತ್ತೂ ಹಿಂಗೇ ಓದ್ದೆ.”

“ನಾನು ಮರ್ತುಬಿಟ್ಟೆ.”

“ಮರೀದೆ ಇನ್ನೇನು. ನೀನು ಬರ್ದಿಟ್ಟ ಮೇಲೆ ಮರ್ತರೂ ನಡೀತದೆ. ನಂಗೆ ಓದಕ್ಕೆ ಬರಲ್ಲ ಕಣೋ, ಅದ್ಕೇ ನೆನಪಿಟ್ಕೊಂಡಿದ್ದೆ.”

ಕಣ್ಣಲ್ಲಿ ನೀರು ಬಂತು. ಹುಲ್ಲಿನ ದೂಳು ಎಂದು ಹೇಳಿದೆ. ಅಣ್ಣ ಹಗ್ಗ ಎತ್ತಿಕೊಂಡು ಎರಡು ಸಲ ಹೊಸೆದು, ಲ್ಯಾಪ್‌ಟಾಪಿನ ಕಡೆ ನೋಡಿದರು.

“ಅದ್ಯಾಕೆ ತಂದೆ?”

ಐದು ಗಂಟೆಯ ವಿಷಯ ಹೇಳಿದೆ. ಇಲ್ಲದಿದ್ದರೆ ವರಲಕ್ಷ್ಮಿ ಅನುಗೊಂಡನಹಳ್ಳಿಗೆ ಎಂದೂ ಹೇಳಿದೆ. ಅಣ್ಣ ಎದ್ದು ನಿಂತರು. “ಲೇ ಇವ್ಳೇ, ಅದೇನೋ ಬೀಗದ ಮಾತಂತೆ, ಬೇಗ ಹೇಳು!” ಎಂದು ಒಳಗೆ ಕೂಗಿದರು. ಅತ್ತಿಗೆ ಒಲೆ ಮುಂದಿನಿಂದಲೇ ಪಾಸ್‌ವರ್ಡ್ ಕೂಗಿದರು. ಬೀದಿಯಲ್ಲಿ ಹೋಗುತ್ತಿದ್ದ ಮಾರಕ್ಕನಿಗೂ ಈಗ ಅದು ಗೊತ್ತು.

ಪುಟಗಳು ಹೋಗುವಾಗ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ನಿಧಾನವಾಗಿ ತುಂಬುತ್ತದೆ. ಅಣ್ಣ ಪಕ್ಕದಲ್ಲಿ ಬಗ್ಗಿ ನಿಂತು ಅದನ್ನು ಎಮ್ಮೆ ಈಯುವುದನ್ನು ನೋಡುವ ಹಾಗೆ ನೋಡಿದರು. ನಾಲ್ಕೂ ಐವತ್ತೆರಡಕ್ಕೆ ತುಂಬಿತು. ಬ್ಯಾಟರಿ ಅದರ ಹಿಂದೆಯೇ ಸತ್ತಿತು.

ಕಾಫಿ ಕೊಟ್ಟರು. ಸಕ್ಕರೆ ಜಾಸ್ತಿ. ಅತ್ತಿಗೆಗೆ ಇನ್ನೂ ನೆನಪಿದೆ.

ಜುಲೈ 24, ಸೋಮವಾರ

ಶ್ರೀಧರ್ ಬಂದಿದ್ದ. ಎಫ್ ಕೀ ವಿಷಯ ಕೇಳಿ ಪಿನ್ನಿನಿಂದ ಅದನ್ನು ಎಬ್ಬಿಸಿದ. ಕೆಳಗೆ ಬಿಸ್ಕತ್ತಿನ ಚೂರು ಇತ್ತು. ಯಾವ ಕಾಲದ್ದೋ. ಉಫ್ ಎಂದು ಊದಿ ಕೂರಿಸಿದ. “ಮೊದ್ಲೇ ಒಂದ್ಸಲ ಎತ್ತಿ ನೋಡ್ಬಾರ್ದಿತ್ತಾ ಚಿಕ್ಕಪ್ಪ?” ಎಂದ.



ಜುಲೈ 27, ಗುರುವಾರ

ಹರ್ಷಿತ ಫೋನ್ ಮಾಡಿದಳು. ಐವತ್ತು ಪುಟಕ್ಕೆ ಹದಿನಾಲ್ಕು ತಪ್ಪು. ಪಾಸು. ಮುಂದಿನ ತಿಂಗಳು ಒಂದರಿಂದ ಕೆಲಸ.

ವರಲಕ್ಷ್ಮಿಗೆ ಹೇಳಿದೆ. ಅವಳು ಸಿಂಚನಳನ್ನು ಕರೆದು ನಾಲ್ಕು ಸೀರೆಯನ್ನೂ ಬೀರುವಿನಲ್ಲಿ ವಾಪಸ್ ಇಡಿಸಿದಳು. ತಮ್ಮನಿಗೆ ಫೋನ್ ಮಾಡಿ “ಕಾರ್ ತರ್ಬೇಡ, ಸುಮ್ನೆ ಊಟಕ್ಕೆ ಬಂದೋಗು” ಎಂದಳು. ಆಮೇಲೆ ನನ್ನ ಒಡೆದ ಉಗುರಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಅವಳಿಲ್ಲದೆ ಇರಲಾರೆ ಎಂದು ಆಗ ಹೇಳಿದೆ. “ಅದು ಗೊತ್ತಿರೋ ವಿಷ್ಯ ಬಿಡ್ರಿ” ಎಂದಳು.

ಕಂಪನಿಯವರು ವಿಳಾಸವನ್ನು ಇನ್ನೊಂದು ಸಲ ಕೇಳಿದ್ದಾರೆ. ಪಕ್ಕದಲ್ಲಿ ಏನಿದೆ ಎಂದು ಒಂದೇ ಗುರುತು ಬರೆದೆ. ಪೂರ್ವಕ್ಕೆ: ಅಣ್ಣನ ಓಣಿ.

ಜುಲೈ 29, ಶನಿವಾರ

ಅಣ್ಣ ಬೆಳಿಗ್ಗೆಯೇ ಹಾರೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದರು. ವರಲಕ್ಷ್ಮಿಯನ್ನು ನೋಡಲು ಅತ್ತಿಗೆ ದಿನಾ ರಸ್ತೆ ಸುತ್ತಿ ಬರುವುದು ಬೇಡ, ಗೋಡೆಯಲ್ಲಿ ಒಬ್ಬರು ಹಾಯುವಷ್ಟು ಜಾಗ ಒಡೆಯುತ್ತೇನೆ ಎಂದರು. ಓಣಿಯಲ್ಲಿ ಹಾದು ನಮ್ಮ ಹಿತ್ತಲಿಗೆ ಬರಬಹುದು. ವೈರನ್ನೂ ಪಿಳ್ಳಣ್ಣ ಅಲ್ಲಿಂದಲೇ ತರಲಿ ಎಂದರು.

ಓಣಿ ಅವರದು. ಅದರಲ್ಲಿ ನಮಗೆ ಓಡಾಡುವ ಹಕ್ಕು ಕೊಡುವುದಾದರೆ ಅದಕ್ಕೊಂದು ಕ್ರಮವಿದೆ. ಇರಣ್ಣ, ಒಂದು ಪತ್ರ ಬರೆದು ತರುತ್ತೇನೆ, ಎರಡೇ ಷರತ್ತು, ಹೆಚ್ಚಿಲ್ಲ ಎಂದು ಒಳಗೆ ಹೊರಟೆ.

ಅಣ್ಣ ಹಾರೆಯನ್ನು ಗೋಡೆಗೆ ಒರಗಿಸಿದರು.

“ಬರೀಬೇಡ ಕಣೋ ವೇಣು. ಬರೆದ್ರೆ ಮರ್ತೋಗ್ತೀಯ.”

ಬರೆಯಲಿಲ್ಲ. ಹಾರೆಯ ಇನ್ನೊಂದು ತುದಿ ಹಿಡಿದುಕೊಂಡೆ.